ಉಗುರಿನಷ್ಟು ಹಳದಿ ಬೀಗ, ಊರಗಲ ಓಟ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗ್ಯಾರೇಜಿನ ಶಟರನ್ನು ಅರ್ಧ ಎತ್ತಿ, ಬಗ್ಗಿ ಒಳಗೆ ನುಗ್ಗಿದ ಬೆಲ್ಟಕ್ಕ ಆಗಲೇ ಪೊರಕೆ ಹಿಡಿದಿದ್ದಾರೆ. ಹಿಂದಿನ ದಿನದ ಕಸ ಗುಡಿಸದೆ ಹೊಸ ಕಾರು ಮುಟ್ಟುವ ಜಾಯಮಾನ ಅವರದಲ್ಲ. ಮೂಲೆಯಲ್ಲಿ ಮೂತಿ ಜಜ್ಜಿಹೋದ ಕಾರೊಂದು ನಿಂತಿದೆ. ಅದರ ಸ್ಟಿಯರಿಂಗಿನಿಂದ ಸಿಡಿದ ಏರ್‌ಬ್ಯಾಗು ಗಾಳಿ ಹೋದ ಬಲೂನಿನ ಹಾಗೆ ಜೋಲುಬಿದ್ದಿದೆ. ಗುಡಿಸುತ್ತಿದ್ದ ಕೈ ಥಟ್ಟನೆ ನಿಲ್ಲುತ್ತದೆ. ಕಸದಲ್ಲಿ ಒಂದು ಹಳದಿ ಪ್ಲಾಸ್ಟಿಕ್ ಚೂರು, ಉಗುರಿನಷ್ಟು.

"ಅಯ್ಯಯ್ಯೋ, ಕೆಟ್ಟೆ!"

ಏರ್‌ಬ್ಯಾಗು, ಸೀಟ್ ಬೆಲ್ಟುಗಳ ತಂತಿ ಕೂಡುವ ಕಡೆ ಹಳದಿ ಪ್ಲಗ್ ಇರುತ್ತದೆ. ಪ್ಲಗ್ ಸೇರಿಸಿದ ಮೇಲೆ ಅದು ಸಡಿಲವಾಗದಿರಲೆಂದು ಪುಟ್ಟದೊಂದು ಬೀಗ ಒತ್ತಬೇಕು. ಆ ಬೀಗವೇ ಈಗ ಬೆಲ್ಟಕ್ಕನ ಅಂಗೈಯಲ್ಲಿದೆ. ನಿನ್ನೆ ಕೆಲಸ ಮುಗಿದದ್ದು ಮೂರು ಕಾರು. ಅದರಲ್ಲೊಂದಕ್ಕೆ ಬೀಗ ಬಿದ್ದಿಲ್ಲ. ಯಾವುದು ಅಂತ ಯಾರನ್ನು ಕೇಳುವುದು?

ಬೆಲ್ಟಕ್ಕ ಈ ಗ್ಯಾರೇಜಿಗೆ ಬಂದದ್ದು ಸೀಟಿನ ಕವರ್ ಹೊಲಿಯಲು. ಗ್ಯಾರೇಜು ಅವರ ಅಕ್ಕನ ಗಂಡನದು. ಆಗ ಬೆಲ್ಟು, ಬ್ಯಾಗಿನ ಕೆಲಸ ನೋಡುತ್ತಿದ್ದ ಹಿರಿಯ ಮೆಕ್ಯಾನಿಕ್ ಒಬ್ಬರು ಹರಿದ ಸೀಟ್ ಬೆಲ್ಟನ್ನು ಇವರು ನೀಟಾಗಿ ಹೊಲಿದಿಟ್ಟಿದ್ದನ್ನು ಕಂಡು ಕೆಂಡಾಮಂಡಲವಾಗಿದ್ದರಂತೆ. "ಕತ್ತರಿ ತಗೊಂಡು ನನ್ನೆದುರೇ ಕತ್ತರಿಸಿ ಬಿಸಾಕಿದ್ರು. ಬೆಲ್ಟ್ ಏನು ರವಿಕೆ ಅಂದ್ಕೊಂಡ್ಯಾ, ಹೊಲಿಯೋದಕ್ಕೆ? ಒಂದ್ಸಲ ಗುದ್ದಿಗೆ ಸಿಕ್ಕಿದ ಬೆಲ್ಟು ಬದಲಾಯಿಸೋಕೆ ಮಾತ್ರ ಲಾಯಕ್ಕು ಅಂದ್ರು. ಅವತ್ತು ಅತ್ತುಬಿಟ್ಟೆ. ಆಮೇಲೆ, ನಾಳೆಯಿಂದ ನನಗೂ ಕಲಿಸಿ ಅಂದೆ," ಎಂದು ಬೆಲ್ಟಕ್ಕ ನಗುತ್ತಾರೆ. ಕಲಿಸಿದ ಆ ಹಿರಿಯರು ಈಗಿಲ್ಲ. ಆ ಬೈಗುಳ ಮಾತ್ರ ಇವರ ಕಿವಿಯಲ್ಲೇ ಕೂತಿದೆ. ಬೆಲ್ಟು, ಬ್ಯಾಗಿನ ಕೆಲಸವೆಲ್ಲ ಈಗ ಇವರದೇ, ಊರಿಗೆ ಬೆಲ್ಟಕ್ಕ ಆದದ್ದೂ ಹಾಗೆಯೇ.

ಈ ಕೆಲಸದಲ್ಲಿ ಕಷ್ಟ ಯಾವುದು ಅಂದರೆ, ಬ್ಯಾಗು ಕೂರಿಸುವುದಲ್ಲ, ಗಿರಾಕಿಯ ಬಾಯಿ. ಒಳಗೆ ಬ್ಯಾಗೇ ಬೇಡ, ಡ್ಯಾಶ್‌ಬೋರ್ಡು ಮುಚ್ಚಿ, ಎಚ್ಚರಿಕೆಯ ಕೆಂಪು ಲೈಟು ಆರಿಸಿಕೊಡಿ ಎನ್ನುವವರು ವಾರಕ್ಕೊಬ್ಬರಾದರೂ ಬರುತ್ತಾರೆ. ಮೇಲೆ ಥಳುಕು, ಒಳಗೆ ಹುಳುಕು! ಅಂಥವರನ್ನು ಬೆಲ್ಟಕ್ಕ ಗೇಟಿನಾಚೆಗೇ ಸಾಗಹಾಕುತ್ತಾರೆ. ಇದರಿಂದ ಭಾವನಿಗೂ ಅವರಿಗೂ ಜಗಳವಾಗಿದ್ದುಂಟು.

ಮನೆಯಲ್ಲಿ ಅತ್ತೆಯದು ಬೇರೆಯೇ ದೂರು. "ನಮ್ ಸೊಸೆ ಕಾಲಿಗೆ ಚಕ್ರ ಕಟ್ಕೊಂಡೇ ಹುಟ್ಟಿದಾಳೆ. ಊಟಕ್ಕೆ ಕೂತ್ರೂ ಒಂದು ಕಾಲು ಬಾಗಿಲಾಚೆ. ತುತ್ತು ಎತ್ತಿದೋಳು ತಟ್ಟೆಗೇ ಇಟ್ಟು, 'ಅತ್ತೆ, ಆ ಬೋಲ್ಟ್ ಬಿಗಿ ಮಾಡಿದ್ನಾ ಇಲ್ವಾ?' ಅಂತ ನನ್ನ ಕೇಳ್ತಾಳೆ. ನನ್ನ ಹಲ್ಲಿನ ಸೆಟ್ ಎಲ್ಲಿಟ್ಟೆ ಅನ್ನೋದೇ ನನಗೆ ನೆನಪಿರಲ್ಲ, ಇವಳ ಬೋಲ್ಟ್ ವಿಷಯ ನಾನೇನು ಹೇಳಲಿ!"

ಬೆಳಗಿನ ಆ ಹಳದಿ ಚೂರು ಇಂಥವರ ಕೈಗೆ ಸಿಕ್ಕ ಮೇಲೆ ಸುಮ್ಮನೆ ಕೂರುವುದುಂಟೇ? ಮೊದಲ ಕಾರು ಅಂಗಳದಲ್ಲೇ ಇದೆ. ಟಾರ್ಚು ಹಚ್ಚಿ ಸೀಟಿನಡಿ ತಲೆ ತೂರಿಸಿ ನೋಡುತ್ತಾರೆ. ಎಲ್ಲ ಬೀಗಗಳೂ ಸರಿಯಾಗಿವೆ. ಎರಡನೆಯದು ಹಿಂದಿನ ಬೀದಿಯ ಔಷಧಿ ಅಂಗಡಿಯವರದು. ಹಲ್ಲುಜ್ಜುತ್ತಿದ್ದ ಅವರನ್ನು ಬ್ರಷ್ಷಿನ ಸಮೇತ ಹೊರಗೆ ಕರೆತಂದು, ಕಾರಿನ ಬಾಗಿಲು ತೆಗೆಸಿ ನೋಡುತ್ತಾರೆ. ಅಲ್ಲೂ ಸರಿಯಿದೆ.

ಉಳಿದದ್ದು ಡ್ರೈವಿಂಗ್ ಸ್ಕೂಲಿನ ಕಾರು. ಬೆಲ್ಟಕ್ಕನಿಗೆ ಈಗ ನೆನಪಾಗುತ್ತದೆ. ಡ್ರೈವರ್ ಸೀಟಿನಡಿ ಪ್ಲಗ್ ಸೇರಿಸಿದ್ದರು. ಬೀಗ ಕೈಯಲ್ಲಿತ್ತು. ಅಷ್ಟರಲ್ಲಿ ಭಾವ, ಬಂಪರ್ ಎತ್ತಲು ಒಂದು ಕೈ ಕೊಡು ಅಂತ ಕೂಗಿದರು. ವಾಪಸ್ ಬಂದವರು ಬೀಗ ಒತ್ತಿಯಾಗಿದೆ ಅಂದುಕೊಂಡು ಸೀಟನ್ನು ಕೂರಿಸಿಬಿಟ್ಟರು. ಬೇರೆ ಕಾರಾಗಿದ್ದರೆ ಅಷ್ಟು ಭಯವಿಲ್ಲ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕುಳ್ಳ ಬಂದರೆ ಸೀಟು ಮುಂದೆ, ಉದ್ದನೆಯವ ಬಂದರೆ ಹಿಂದೆ. ಸೀಟು ಜಾರಿದಾಗಲೆಲ್ಲ ಅದರಡಿಯ ತಂತಿ ಎಳೆಯುತ್ತದೆ. ಗುದ್ದಿದ ಕ್ಷಣ ಬೆಲ್ಟು ಬಿಗಿಯುವಂತೆ ಮಾಡಬೇಕಾದ ತಂತಿ ಅದು.

"ಲೈಟ್ ಆರಿದೆ ತಾನೇ? ಸುಮ್ನೆ ಕೂತ್ಕೋ ತಾಯಿ. ಇಲಿ ಹೋಯ್ತು ಅಂದ್ರೆ ಹುಲಿ ಹೋಯ್ತು ಅಂತೀಯ," ಎನ್ನುತ್ತಾರೆ ಆಗಷ್ಟೇ ಬಂದ ಭಾವ.

"ತಂತಿ ಕಡಿಯೋದು ಇಲೀನೇ ಭಾವ, ಹುಲಿ ಅಲ್ಲ. ಲೈಟು ಹತ್ತೋದು ತಂತಿ ಬಿಟ್ಟ ಮೇಲೆ. ಬಿಟ್ಟ ಗಳಿಗೆಗೇ ಗುದ್ದಿದ್ರೆ?"

ಸ್ಕೂಲು ನಡೆಸುವ ಟೀಚರಮ್ಮನಿಗೆ ಊರೆಲ್ಲ ಬ್ರೇಕ್ ಮೇಡಂ ಅನ್ನುತ್ತದೆ. ಪಾಠದ ಹೊತ್ತಿನಲ್ಲಿ ಫೋನು ಕೈಚೀಲದೊಳಗೆ, ಅದು ಅವರ ಕಟ್ಟುನಿಟ್ಟು. ಬೆಲ್ಟಕ್ಕ ಮತ್ತೆ ಮತ್ತೆ ಫೋನು ಮಾಡುತ್ತಾರೆ, ಎತ್ತುವವರಿಲ್ಲ. ಬೀಗವನ್ನು ಕರವಸ್ತ್ರದ ತುದಿಗೆ ಗಂಟು ಹಾಕಿ, ಸ್ಕೂಟರ್ ಹತ್ತಿಯೇಬಿಡುತ್ತಾರೆ.

ಆಸ್ಪತ್ರೆಯ ಹಿಂಬದಿ ಇಲ್ಲ, ಮಾರ್ಕೆಟ್ ರಸ್ತೆಯಲ್ಲಿಲ್ಲ. ನೀರಿನ ಟ್ಯಾಂಕಿನ ತಿರುವಿನಲ್ಲಿ ಆ ಕಾರು ಆಮೆಯಂತೆ ಸಾಗುವುದು ಕಾಣುತ್ತದೆ. ಸ್ಟಿಯರಿಂಗ್ ಹಿಡಿದಿರುವುದು ರಾತ್ರಿ ಪಾಳಿ ಮುಗಿಸಿ ನೇರ ಪಾಠಕ್ಕೆ ಬಂದ ಒಬ್ಬ ನರ್ಸು. ಬೆಲ್ಟಕ್ಕ ಹಾರ್ನ್ ಒತ್ತುತ್ತಾರೆ, ಕೈ ಬೀಸುತ್ತಾರೆ, "ನಿಲ್ಸಿ, ನಿಲ್ಸಿ!" ಅಂತ ಅರಚುತ್ತಾರೆ. ಹಿಂದಿನಿಂದ ಬಂದ ಆ ಗದ್ದಲಕ್ಕೆ ನರ್ಸಮ್ಮ ಬೆಚ್ಚಿ ಸ್ಟಿಯರಿಂಗ್ ಎಳೆದದ್ದೇ ತಡ, ಕಾರು ಒಮ್ಮೆಲೇ ಎಡಕ್ಕೆ ನುಗ್ಗುತ್ತದೆ. ಎದುರಿಗೇ ಲೈಟು ಕಂಬ. ಬ್ರೇಕ್ ಮೇಡಂ ತಮ್ಮ ಬದಿಯ ಬ್ರೇಕನ್ನು ತುಳಿಯದಿದ್ದರೆ ಮುಗಿದೇ ಹೋಗುತ್ತಿತ್ತು. ಕಂಬಕ್ಕೂ ಬಂಪರಿಗೂ ನಡುವೆ ಒಂದು ಗೇಣು ಉಳಿದಿದೆ.

ಬೆಲ್ಟಕ್ಕ ಹಾರ್ನಿನಿಂದ ಕೈ ಕಿತ್ತುಕೊಳ್ಳುತ್ತಾರೆ. ಯಾವುದು ಆಗಬಾರದು ಅಂತ ಓಡಿ ಬಂದರೋ ಅದನ್ನೇ ತಾವೇ ಮಾಡಿಸುತ್ತಿದ್ದರಲ್ಲ! ಅಷ್ಟರಲ್ಲಿ ಯಾರು ಏನೆಂದು ತಿರುಗಿಯೂ ನೋಡದೆ ಕಾರು ಮತ್ತೆ ಹೊರಟಿದೆ. ಇನ್ನು ಹಾರ್ನ್ ಒತ್ತುವ ಹಾಗಿಲ್ಲ. ಮುಂದೆ ಹೋಗಿ ಅಡ್ಡ ನಿಲ್ಲುವ ಹಾಗೂ ಇಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡ ಹೆಂಗಸು ಬಾಯಿ ಬಿಗಿಹಿಡಿದು, ನಡೆದುಹೋಗುವವರಿಗಿಂತ ನಿಧಾನವಾಗಿ, ಆ ಕಾರಿನ ಹಿಂದೆ ಹಿಂದೆಯೇ ಹೋಗುತ್ತಾರೆ. ಒಂದೊಂದು ರಸ್ತೆ ಉಬ್ಬು ಬಂದಾಗಲೂ ಹಲ್ಲು ಕಚ್ಚುತ್ತಾರೆ. ಬಲಕ್ಕೆ ತಿರುಗಿ ಮುಗಿದರೂ ಇಂಡಿಕೇಟರ್ ಮಿಟುಕುತ್ತಲೇ ಇದೆ. ಆಟದ ಮೈದಾನದ ಬಳಿ ಕಾರು ತಾನಾಗಿ ನಿಲ್ಲುವವರೆಗೆ ಅವರಿಗೆ ಅದೊಂದು ಯುಗ.

ಇಳಿದ ಬ್ರೇಕ್ ಮೇಡಂ ಸಿಟ್ಟಿನಿಂದ, "ಹಾರ್ನ್ ಹೊಡ್ದಿದ್ದು ನೀವೇನ್ರೀ?" ಎಂದು ಗದರುತ್ತಾರೆ. ಬೆಲ್ಟಕ್ಕ ಗಂಟು ಬಿಚ್ಚಿ ಹಳದಿ ಬೀಗ ತೋರಿಸುತ್ತಾರೆ. "ಹಾರ್ನ್ ಹೊಡ್ದಿದ್ದೂ ತಪ್ಪು, ಇದನ್ನ ಬಿಟ್ಟಿದ್ದೂ ತಪ್ಪು. ಎರಡೂ ನಂದೇ. ಸ್ವಲ್ಪ ಬಾನೆಟ್ ತೆಗೀರಿ."

ಬ್ಯಾಟರಿಯ ತಂತಿ ಬಿಚ್ಚಿದ ಮೇಲೆ, ಬ್ಯಾಗು ತಪ್ಪಿ ಸಿಡಿಯದಿರಲೆಂದು, ಒಳಗುಳಿದ ಕರೆಂಟು ಇಳಿಯುವ ತನಕ ಕಾಯಲೇಬೇಕು. ಬೆಲ್ಟಕ್ಕ ಕಾರಿನ ಸುತ್ತ ಪ್ರದಕ್ಷಿಣೆ ಹಾಕುತ್ತಲೇ ಕಾಯುತ್ತಾರೆ. ಆಮೇಲೆ ಸೀಟಿನಡಿ ಕೈ ತೂರಿಸುತ್ತಾರೆ. ಪ್ಲಗ್ ಆಗಲೇ ಒಂದಿಷ್ಟು ಹಿಂದೆ ಸರಿದಿದೆ. ಒತ್ತಿ ಸೇರಿಸಿ, ಬೀಗ ಕೂರಿಸುತ್ತಾರೆ. ಟಿಕ್ ಎಂದ ಸದ್ದು ಹೊರಗೆ ನಿಂತ ಇಬ್ಬರಿಗೂ ಕೇಳಿಸುತ್ತದೆ. ಬ್ಯಾಟರಿ ಜೋಡಿಸಿ ಕೀಲಿ ತಿರುಗಿಸಿದಾಗ ಕೆಂಪು ಲೈಟು ಹತ್ತಿ, ಆರುತ್ತದೆ. ನರ್ಸಮ್ಮ ಬೆಲ್ಟಕ್ಕನ ಕೈ ಹಿಡಿದುಕೊಳ್ಳುತ್ತಾರೆ.

ಬ್ರೇಕ್ ಮೇಡಂಗೆ ಸಿಟ್ಟು ಇಳಿದು ಈಗ ಕನಿಕರ ಬಂದಿದೆ. "ಅಷ್ಟು ದೂರದಿಂದ ಇಷ್ಟು ನಿಧಾನಕ್ಕೆ ಹಿಂದೆ ಬಂದ್ರಲ್ಲ, ಪಾಪ, ತಲೆ ಕೆಟ್ಟುಹೋಗಿರಬೇಕು ನಿಮಗೆ."

ಬೆಲ್ಟಕ್ಕ ಕೈ ಒರೆಸಿಕೊಳ್ಳುತ್ತಾ ಆ ಕಾರನ್ನೇ ನೋಡುತ್ತಾರೆ. "ಹೆದರಿಕೆ ಇತ್ತು ಮೇಡಂ, ಸುಳ್ಳು ಹೇಳಲ್ಲ. ಆದ್ರೆ ನನ್ನ ಹತ್ರ ಬರೋ ಕಾರೆಲ್ಲ ಗುದ್ದಿಸ್ಕೊಂಡೇ ಬರೋದು. ಸರಿ ಮಾಡಿ ಕಳಿಸ್ತೀನಿ, ಗೇಟು ದಾಟಿದ ಮೇಲೆ ಏನಾಯ್ತೋ ಗೊತ್ತಿಲ್ಲ. ನಾನು ಸರಿ ಮಾಡಿದ ಕಾರು, ಒಳಗೆ ಜನರನ್ನ ಕೂರಿಸ್ಕೊಂಡು ಸುಮ್ನೆ ರಸ್ತೇಲಿ ಹೋಗೋದನ್ನ ಇಷ್ಟು ವರ್ಷದಲ್ಲಿ ಇವತ್ತೇ ನೋಡಿದ್ದು. ಚೆನ್ನಾಗಿ ಹೋಗ್ತಿತ್ತು ಮೇಡಂ."