ಹದಿನಾಲ್ಕನೆಯ ಪ್ರಾಕ್ಟಿಕಲ್

ಹೆದರಿಕೆಯ ವಿಷಯದಲ್ಲಿ ನಾನು ನಮ್ಮ ಮನೆಯಲ್ಲಿ ಹೆಸರುವಾಸಿ. ಹಲ್ಲಿ ಲೊಚಗುಟ್ಟಿದರೂ ಕಾಲು ಮೇಲೆತ್ತಿ ಕೂರುವವಳು. ಅಂಥವಳ ಕೈಗೆ ನಮ್ಮ ಗಡಿ ಊರು ಜತ್ತದ ಕಂಪ್ಯೂಟರ್ ಕ್ಲಾಸಿನ ದೊಡ್ಡ ಯಂತ್ರವನ್ನು ಒಪ್ಪಿಸಿದವರು ಅದರ ಮಾಲೀಕರು. ಊರೆಲ್ಲ ಅವರನ್ನು ಚಾಚಾ ಎನ್ನುತ್ತಿತ್ತು. ಕೆಳಗೆ ಅವರ ಬಟ್ಟೆ ಅಂಗಡಿ, ಮೇಲಿನ ಎರಡು ಕೋಣೆಗಳಲ್ಲಿ ಕ್ಲಾಸು, ಕಲಿಸುವ ಬಾಯಾರು, ಅಂದರೆ ಟೀಚರಮ್ಮ, ನಾನೊಬ್ಬಳೇ. ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು.

ಯಂತ್ರ ಒಂದೇ ಆದರೂ ಅದರೊಳಗೆ ಮೂರು ಸರ್ವರ್‌ಗಳಿದ್ದವು. ವರ್ಚುವಲೈಸೇಶನ್ ಎಂಬ ಸಾಫ್ಟ್‌ವೇರ್ ಒಂದೇ ಯಂತ್ರವನ್ನು ಮೂರಾಗಿ ನಡೆಸುತ್ತಿತ್ತು, ಹಳೆಯ ವಾಡೆಯೊಳಗೆ ಗೋಡೆ ಎತ್ತಿ ಮೂರು ಸಂಸಾರ ಇಟ್ಟ ಹಾಗೆ. ಒಂದರಲ್ಲಿ ಮಕ್ಕಳ ಅಭ್ಯಾಸ, ಇನ್ನೊಂದರಲ್ಲಿ ಸರಕಾರಿ ನೌಕರಿಯವರು ಪಾಸಾಗಲೇಬೇಕಾದ ಕಂಪ್ಯೂಟರ್ ಪರೀಕ್ಷೆ, ಮತ್ತೊಂದರಲ್ಲಿ ಕ್ಲಾಸಿನ ದಾಖಲೆಗಳು.

ಒಂದು ದಿನ ಆ ಸಾಫ್ಟ್‌ವೇರಿನವರಿಂದ ಎಚ್ಚರಿಕೆಯ ಇ-ಮೇಲ್ ಬಂತು. ಒಳಗಿನ ಯಾವುದೇ ಸರ್ವರ್‌ನಲ್ಲಿ ಕೂತವರು, ಯಾವ ಅಧಿಕಾರವೂ ಇಲ್ಲದವರು ಕೂಡ, ನಾಲ್ಕು ಸಾಲಿನ ಪ್ರೋಗ್ರಾಂ ನಡೆಸಿ ಇಡೀ ಯಂತ್ರವನ್ನು ಕೆಡವಬಹುದಂತೆ. ಕದಿಯಲು ಏನೂ ಸಿಗದು, ಆದರೆ ಮೂರೂ ಸರ್ವರ್‌ಗಳು ಒಟ್ಟಿಗೆ ಬೀಳುತ್ತವೆ. ಅದಕ್ಕೆ ದುರಸ್ತಿಯೂ ಬಂದಿತ್ತು. ಆದರೆ ಪರೀಕ್ಷೆ ಹೊಂದಿಸಿಕೊಟ್ಟ ಏಜೆನ್ಸಿಯವರು, ಪರೀಕ್ಷೆ ಮುಗಿಯುವತನಕ ಯಂತ್ರಕ್ಕೆ ಕೈ ಹಚ್ಚಬೇಡಿ ಎಂದು ತಾಕೀತು ಮಾಡಿದ್ದರು. ಅವರಿಗೂ ಹೆದರಿದೆ, ಇ-ಮೇಲಿಗೂ ಹೆದರಿದೆ, ದುರಸ್ತಿ ಮಾಡದೆ ಕೂತೆ.

ಆ ನಾಲ್ಕು ಸಾಲುಗಳು ಇಂಟರ್‌ನೆಟ್ಟಿನಲ್ಲಿ ಸಿಕ್ಕವು. ಒಂದು ಭಾನುವಾರ ಯಾರೂ ಇಲ್ಲದಾಗ ನಾನೇ ನಡೆಸಿ ನೋಡಿದೆ. ಕಣ್ಣು ಮಿಟುಕಿಸುವುದರೊಳಗೆ ಎಲ್ಲ ನಿಂತುಹೋಯಿತು. ಗಾಬರಿಯಲ್ಲಿ ಯಂತ್ರವನ್ನು ಮತ್ತೆ ಶುರು ಮಾಡಿದೆ.

ಆಮೇಲೆ ಮಾಡಿದ್ದು ಶುದ್ಧ ಮಾಸ್ತರಿಕೆಯ ದಡ್ಡತನ. ಮರುದಿನ ಆ ಸಾಲುಗಳನ್ನು ಬೋರ್ಡಿನ ಮೇಲೆ ಬರೆದು, “ಹಿಂಗ ಯಾರೂ ಮಾಡಬ್ಯಾಡ್ರಿ” ಎಂದು ಮಕ್ಕಳಿಗೆ ಹೇಳಿದೆ. ನಮ್ಮ ಕಡೆ ಬೋರ್ಡಿನ ಮೇಲೆ ಬಿದ್ದದ್ದೆಲ್ಲ ಜರ್ನಲ್ ಎಂಬ ಪ್ರಾಕ್ಟಿಕಲ್ ವಹಿಗೆ ಇಳಿಯುತ್ತದೆ. ಉದ್ದೇಶ, ಪ್ರೋಗ್ರಾಂ, ಔಟ್‌ಪುಟ್. ಅಕ್ಕನ ಜರ್ನಲ್ ನೋಡಿ ತಂಗಿ, ತಂಗಿಯದು ನೋಡಿ ಗೆಳತಿ. ಹೀಗೆ ಅದು ಹದಿನಾಲ್ಕನೆಯ ಪ್ರಾಕ್ಟಿಕಲ್ ಆಗಿ ಕೂತದ್ದು ನನಗೆ ಗೊತ್ತೇ ಆಗಲಿಲ್ಲ. ರಾಶಿ ಜರ್ನಲ್‌ಗಳಿಗೆ ಓದದೆ ಕೆಂಪು ಸಹಿ ಎಳೆಯುವ ಚಾಳಿ ನನಗೂ ಇತ್ತಲ್ಲ.

ಪರೀಕ್ಷೆಯ ದಿನ ಎಂಟು ಮಂದಿ ಬಂದಿದ್ದರು. ಅವರಲ್ಲಿ ಕುಣಿಕೋಣೂರಿನ ಹೆಣ್ಣುಮಗಳೊಬ್ಬಳು. ಸಾಲೆಯಲ್ಲಿ ಕಾರಕೂನನಾಗಿದ್ದ ಗಂಡ ತೀರಿಕೊಂಡ ಮೇಲೆ ಅವನ ಜಾಗದಲ್ಲಿ ಆಕೆಯನ್ನು ತೆಗೆದುಕೊಂಡಿದ್ದರು. ಈ ಪರೀಕ್ಷೆ ಪಾಸಾಗಲು ಕೊಟ್ಟ ಗಡುವು ಆ ತಿಂಗಳಿಗೆ ಮುಗಿಯುತ್ತಿತ್ತು.

“ಬಾಯಾರ, ಇದೇ ಕಡೀದು. ನಾಪಾಸ ಆದ್ರ ನೌಕರಿ ಹೋಗ್ತದ್ರಿ,” ಎಂದಳು.

“ಅಂಜಬ್ಯಾಡ್ರಿ. ಭಾಳ ಚಲೋ ಕಲ್ತೀರಿ,” ಎಂದೆ. ಸುಳ್ಳಲ್ಲ, ಆಕೆ ನಿಜಕ್ಕೂ ಕಲಿತಿದ್ದಳು.

ಆ ವಾರ ಲೋಡ್‌ಶೆಡ್ಡಿಂಗಿನಿಂದ ಮುಂಜಾನೆ ಮಾತ್ರ ಕರೆಂಟು. ಅದಕ್ಕೇ ಪಕ್ಕದ ಕೋಣೆಯಲ್ಲಿ ಅಭ್ಯಾಸದವರನ್ನೂ ಕೂರಿಸಿದ್ದೆ, ಬರೀ ಟೈಪಿಂಗ್ ಮಾಡಿರೆಂದು ಹೇಳಿ. ಅರ್ಧ ಪರೀಕ್ಷೆ ಆಗಿರಬೇಕು. ಎಂಟೂ ಪರದೆಗಳು ಒಮ್ಮೆಲೇ ನಿಂತವು. ಕರೆಂಟು ಇತ್ತು, ಫ್ಯಾನು ತಿರುಗುತ್ತಿತ್ತು. ಆ ಭಾನುವಾರ ಕಂಡದ್ದು ಇದನ್ನೇ.

ಪಕ್ಕದ ಕೋಣೆಗೆ ಓಡಿದೆ. ವಳಸಂಗದ ಹುಡುಗಿಯೊಬ್ಬಳ ಮುಂದೆ ಜರ್ನಲ್ ತೆರೆದಿತ್ತು.

“ಸೋಮವಾರ ಜರ್ನಲ್ ತೋರಸಬೇಕಲ್ರಿ. ಔಟ್‌ಪುಟ್ ಬರೀಲಿಕ್ಕ ರನ್ ಮಾಡಿದ್ನಿ. ಏನೂ ಬರವಲ್ದು,” ಎಂದಳು ಪಾಪ. ಪ್ರೋಗ್ರಾಮಿನ ಕೆಳಗೆ ನನ್ನದೇ ಕೆಂಪು ಸಹಿ. ಔಟ್‌ಪುಟ್ಟಿನ ಜಾಗ ಖಾಲಿ ಇದ್ದಾಗಲೇ ಹಾಕಿಬಿಟ್ಟಿದ್ದೆ. ಆ ಹಾಳೆ ಹರಿದು ಸೆರಗಿನೊಳಗೆ ತುರುಕಿಕೊಂಡೆ.

ಯಂತ್ರವನ್ನು ಮತ್ತೆ ಶುರು ಮಾಡಿ ಪರೀಕ್ಷೆಯ ಕೋಣೆಗೆ ಬಂದಾಗ ಚಾಚಾ ಮೆಟ್ಟಿಲು ಹತ್ತಿ ಬಂದಿದ್ದರು. “ಏನಾತವಾ? ಯಾರ ಏನ್ ಮಾಡಿದ್ರು?”

ನಾನು ಬಾಯಿ ತೆರೆಯುವ ಮೊದಲೇ ಕುಣಿಕೋಣೂರಿನಾಕೆ ಎದ್ದು ನಿಂತಳು.

“ನಾ ಏನರೆ ತಪ್ಪ ಒತ್ತಿದ್ನೇನ್ರಿ ಬಾಯಾರ? ನಾ ಒತ್ತಿದ ಕೂಡ್ಲೆ ಎಲ್ಲಾ ನಿಂತ ಹೋತ್ರಿ.”

ಇಲ್ಲ ಎನ್ನಲು ಎಷ್ಟು ಹೊತ್ತು ಬೇಕು? ಆದರೆ ಇಲ್ಲ ಎಂದರೆ ಮತ್ತೆ ಯಾರು ಎಂದು ಚಾಚಾ ಕೇಳುತ್ತಾರೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ನನ್ನ ಕೈ ಸೆರಗಿನ ಮೇಲೆಯೇ ಇತ್ತು.

“ಇರ್ಲಿ ಬಿಡ್ರಿ,” ಎಂದೆ. “ಇನ್ನ ಮ್ಯಾಲ ನೋಡಿ ಒತ್ರಿ.”

ಪರೀಕ್ಷೆ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಶುರುವಾಯಿತು. ಯಾರಿಗೂ ಒಂದು ನಿಮಿಷವೂ ನಷ್ಟವಾಗಲಿಲ್ಲ. ಉಳಿದ ಏಳು ಮಂದಿ ಮುಗಿಸಿ ಎದ್ದರು. ಆಕೆ ಮಾತ್ರ ಉತ್ತರ ಗೊತ್ತಿದ್ದೂ ಬೆರಳನ್ನು ಗುಂಡಿಯ ಮೇಲೆ ಎತ್ತಿ ಹಿಡಿದು ನನ್ನ ಮುಖ ನೋಡುತ್ತಿದ್ದಳು. “ಇದನ್ನ ಒತ್ತಲೇನ್ರಿ? ಏನೂ ಆಗೂದಿಲ್ಲಲ್ರಿ?” ಒತ್ತಿರಿ ಎಂದು ಪ್ರತಿ ಸಲ ಹೇಳಿದೆ. ಪ್ರತಿ ಸಲವೂ ಆಕೆ ತಡೆದು, ಉಸಿರು ಹಿಡಿದು ಒತ್ತಿದಳು. ಹೊತ್ತು ಮುಗಿದಾಗ ಒಂಬತ್ತು ಪ್ರಶ್ನೆಗಳು ಉಳಿದಿದ್ದವು. ನಾಪಾಸು.

ಅದೇ ವಾರ ಯಂತ್ರದ ದುರಸ್ತಿ ಮಾಡಿದೆ, ಎಲ್ಲ ಜರ್ನಲ್‌ಗಳಿಂದ ಆ ಹಾಳೆ ಕಿತ್ತೆ. ಆಕೆಯ ಊರಿಗೆ ಹೋಗಿ ನಿಜ ಹೇಳಬೇಕೆಂದು ಎರಡು ಸಲ ಬಸ್‌ಸ್ಟ್ಯಾಂಡಿನವರೆಗೆ ಹೋದೆ. ಎರಡು ಸಲವೂ ಪುಕ್ಕಲುತನ ನನ್ನನ್ನು ಹಿಂದಕ್ಕೆ ಕರೆತಂದಿತು.

ತಿಂಗಳ ಮೇಲೆ ಆಕೆಯೇ ಬಂದಳು. ನೌಕರಿ ಹೋಗಿತ್ತು. ಕೈಯಲ್ಲೊಂದು ಡಬ್ಬಿ, ಅದರ ತುಂಬ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ.

“ನಿಮ್ಮ ಮಶೀನ ಕೆಡಿಸಿದ್ನಿ ನಾ. ಆದ್ರೂ ನೀವು ಒಂದ ಮಾತ ಬೈಲಿಲ್ರಿ ಬಾಯಾರ. ಅದು ಭಾಳ ದಿನದಿಂದ ಮನಸಿನ್ಯಾಗ ಇತ್ರಿ.”

ಚಾಚಾ ಅಲ್ಲೇ ಕುರ್ಚಿಯ ಮೇಲೆ ಕೂತಿದ್ದರು. ನಾನು ಕೈ ಚಾಚಿ ಡಬ್ಬಿ ತೆಗೆದುಕೊಂಡೆ.