ಹಾಲು ನಿಂತ ಮನೆಯ ಸುದ್ದಿ

ಬೆಳಿಗ್ಗೆ ಐದೂಮುಕ್ಕಾಲು. ಕೈಲಾಂಚದಿಂದ ಬಂದ ಮೊದಲ ಬಸ್ಸಿನಿಂದ ಎರಡು ಕ್ಯಾನುಗಳೊಂದಿಗೆ ಬೈರಮ್ಮ ರಾಮನಗರದಲ್ಲಿ ಇಳಿಯುತ್ತಾರೆ. ಮೂವತ್ತೊಂದು ಮನೆಗಳಿಗೆ ದಿನವೂ ವರ್ತನೆಯ ಹಾಲು ಹಾಕುವ ಇವರಿಗೆ ಇನ್ನೊಂದು ಕೆಲಸವೂ ಇದೆ. ಮನೆ ಬಿಡಬೇಕಾಗಿ ಬಂದವರಿಗೆ ಬಾಡಿಗೆ ಮನೆ ಹುಡುಕಿಕೊಡುತ್ತಾರೆ. ದಲ್ಲಾಳಿ ಹಣ ಮುಟ್ಟುವುದಿಲ್ಲ.

"ನಾಳಿಂದ ಹಾಲು ಬ್ಯಾಡ ಅಂದ್ರೆ ಆ ಮನೆ ಖಾಲಿ ಆಯ್ತದೆ ಅಂತ್ಲೇ ಅರ್ಥ. ಬಾಡಿಗೆ ಬೋರ್ಡು ಹಾಕೋಕ್ ಮುಂಚೆ ನಂಗೆ ಗೊತ್ತಾಯ್ತದೆ."

ಇಂದು ಅವರಿಗಾಗಿ ಕಾಯುತ್ತಿರುವವರು ವಜೀರಾ. ಗೂಡಿನಿಂದ ರೇಷ್ಮೆ ನೂಲು ತೆಗೆಯುವ ಬಿಚ್ಚಾಣಿಕೆ ಘಟಕದಲ್ಲಿ ದುಡಿಯುತ್ತಾರೆ. ಇರುವ ಮನೆಯನ್ನು ಮಾಲೀಕರು ಕೆಡವುತ್ತಿದ್ದಾರೆ, ಮಧ್ಯಾಹ್ನದೊಳಗೆ ಬಿಡಬೇಕು. ಪಾತ್ರೆಗಳು ಆಗಲೇ ಗೋಣಿಚೀಲ ಸೇರಿವೆ. ಬೇರೆ ಮನೆ ಕೇಳಿದಲ್ಲೆಲ್ಲ, ಬಟ್ಟೆಯಲ್ಲಿ ಗೂಡು ಬೇಯಿಸಿದ ವಾಸನೆ ಎಂಬ ತಕರಾರು.

"ಅನ್ನ ಹಾಕೋ ಕೆಲ್ಸದ ವಾಸ್ನೆ ಎಲ್ಲಿ ತೊಳೀಲಿ?" ಎನ್ನುತ್ತಾರೆ ವಜೀರಾ.

ವಜೀರಾರನ್ನು ಕರೆದುಕೊಂಡು ಹೋಗಿ, ಸೋಮವಾರ ಹಾಲು ನಿಂತ ಮನೆಯ ಮುಂದೆ ಬೈರಮ್ಮ ಕ್ಯಾನು ಇಳಿಸುತ್ತಾರೆ. ಮಾಲೀಕರಾದ ಪುಟ್ಟಗೌರಮ್ಮ ಇರುವುದು ಪಕ್ಕದ ಮನೆಯಲ್ಲೇ. ಅವರದೂ ಅದೇ ರಾಗ.

"ಆ ವಾಸ್ನೆ ತಡಿಯಾಕಾಗಲ್ಲ ಕಣೆ ಬೈರಮ್ಮ."

"ನನ್ ಸೀರೇಲಿ ಸಗಣಿ ವಾಸ್ನೆ ಇಲ್ವಾ ಗೌರಕ್ಕ? ದಿನಾ ನಿನ್ ಅಡುಗೆಮನೆ ತಂಕ ಬತ್ತೀನಿ. ಹಾಲು ಬ್ಯಾಡ ಅಂದಿದ್ದೀಯಾ?"

ಪುಟ್ಟಗೌರಮ್ಮ ನಗು ತಡೆಯುತ್ತಾರೆ. "ನಿನ್ ಬಾಯ್ಗೆ ಯಾರು ಬತ್ತಾರೆ. ಬಟ್ಟೆ ಹಿತ್ಲಲ್ಲಿ ಒಣಗಾಕ್ಲಿ, ಬೀದಿ ಕಡೆ ಬ್ಯಾಡ." ಬೀಗದಕೈ ವಜೀರಾರ ಕೈಗೆ ಬರುತ್ತದೆ.

ಕೈಲಾಂಚದಲ್ಲಿ ಬೈರಮ್ಮನದೂ ಬಾಡಿಗೆ ಮನೆಯೇ. ಗಂಡ ತೀರಿಕೊಂಡ ಮೇಲೆ ಇದು ಏಳನೆಯದು. "ಮನೆ ಚೆನ್ನಾಗಿದ್ರೆ ಹಸ ಕಟ್ಟಾಕೆ ಜಾಗ ಇರಾಕಿಲ್ಲ, ಜಾಗ ಇದ್ರೆ ಮಾಡು ಸೋರ್ತದೆ." ಈಗ ಎರಡು ಹಸುಗಳು ಇರುವುದು ಇನ್ನೊಬ್ಬರ ಕೊಟ್ಟಿಗೆಯಲ್ಲಿ, ಬೇರೆ ಬೀದಿಯಲ್ಲಿ.

ಹೊಸ ಮನೆ ಹೊಕ್ಕವರು ಹಾಲು ಉಕ್ಕಿಸುತ್ತಾರೆ. ತಾವು ಹುಡುಕಿಕೊಟ್ಟ ಮನೆಯಲ್ಲಿ ಉಕ್ಕಿಸಲು ಅರ್ಧ ಲೀಟರು ಹಾಲು ಬೈರಮ್ಮನದೇ. ತಮ್ಮ ಏಳು ಮನೆಗಳಲ್ಲಿ ಒಮ್ಮೆಯೂ ಉಕ್ಕಿಸಿಲ್ಲ.

"ಅದ್ನ ಸ್ವಂತ ಮನೆಗೇ ಅಂತ ಮಡಗಿವ್ನಿ. ಒಸಿ ಜಾಗ ಸಾಕು. ಮಲಗಿದ್ರೆ ಹಸ ಉಸ್ರು ಬುಡೋದು ಕೇಳ್ಬೇಕು, ಅಷ್ಟೆ."

ಹನ್ನೊಂದು ಗಂಟೆಗೆ ವಜೀರಾ ಹೊಸ ಅಡುಗೆಮನೆಯಲ್ಲಿ ಸ್ಟೌವ್ ಇಟ್ಟು, ಬೆಂಕಿಪೊಟ್ಟಣ ಚಾಚುತ್ತಾರೆ. "ನೀವೇ ಹಚ್ಚಿ ಅಮ್ಮ."

"ನಿನ್ ಒಲೆ, ನೀನೇ ಹಚ್ಚವ್ವ. ನಾ ಹಚ್ಚೋದು ನನ್ ಸ್ವಂತ ಮನೇಲೇ. ಇಲ್ಲೇ ನಿಂತಿರ್ತೀನಿ," ಎನ್ನುವ ಬೈರಮ್ಮ ಅಡುಗೆಮನೆಯ ಹೊಸಿಲು ದಾಟುವುದಿಲ್ಲ.

ಹಾಲು ಉಕ್ಕುತ್ತದೆ. ಬೈರಮ್ಮ ಖಾಲಿ ಕ್ಯಾನುಗಳನ್ನು ಎತ್ತಿಕೊಂಡು ಕೈಲಾಂಚದ ಬಸ್ಸು ಹತ್ತುತ್ತಾರೆ.