ಜುಟ್ಟಮ್ಮನ ಪಂಜರಕ್ಕೊಂದು ಹಾಸು

ಬೀದಿಯವರೆಲ್ಲ ಅವರನ್ನು ಬೈಂಡರಣ್ಣ ಎಂದೇ ಕರೆಯುತ್ತಿದ್ದರು. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಅಲ್ಲಿ ಕಾಗದ ಕತ್ತರಿಸುವ ಯಂತ್ರ, ಗೋಡೆಗೊರಗಿಸಿದ ರಟ್ಟುಗಳು, ಕಿಟಕಿಯ ಪಕ್ಕ ಗೋಂದಿನ ಪಾತ್ರೆ. ಹರಿದ ಪುಸ್ತಕಗಳಿಗೆ ನಲವತ್ತು ವರ್ಷ ಬೆನ್ನು ಕಟ್ಟಿದ ಕೈ ಅದು. ಯಾವುದೇ ಕಾಗದವನ್ನು ಎರಡು ಬೆರಳ ನಡುವೆ ಒಮ್ಮೆ ಉಜ್ಜಿದರೆ ಸಾಕು, ಅದರ ಹುಟ್ಟು ಗುಣವನ್ನೆಲ್ಲ ಹೇಳಿಬಿಡುತ್ತಿದ್ದರು.

ಅಂಥವರ ಮನೆಗೆ ಒಂದು ಸೋಮವಾರ ಹಕ್ಕಿಯ ಪಂಜರ ಬಂತು. ಅವರ ಅಕ್ಕ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದರು. ಆಪರೇಷನ್ನೇನೋ ಆಗಿತ್ತು, ಆದರೆ ಆರು ವಾರ ಆಸ್ಪತ್ರೆಯಲ್ಲೇ ಇದ್ದು ಮತ್ತೆ ನಡೆಯುವುದನ್ನು ಕಲಿಯಬೇಕಿತ್ತು. ಭಾವ ತೀರಿಕೊಂಡ ಮೇಲೆ ಒಂಬತ್ತು ವರ್ಷದಿಂದ ಅಕ್ಕನ ಜೊತೆಗಿದ್ದದ್ದು ಈ ಬೂದು ಹಕ್ಕಿಯೊಂದೇ. ಹಳದಿ ಜುಟ್ಟು, ಕಿತ್ತಳೆ ಕೆನ್ನೆ, ಹೆಸರು ಜುಟ್ಟಮ್ಮ. ಅಕ್ಕ ಬೆಳಿಗ್ಗೆ ದೇವರಿಗೆ ಕೈಮುಗಿಯುವಾಗ ತಾನೂ ಸಿಳ್ಳೆ ಹಾಕಿ ಸೇರಿಕೊಳ್ಳುತ್ತಿತ್ತಂತೆ.

"ನಾನು ನಡ್ಕೊಂಡು ಮನೆಗೆ ಬರೋ ಹೊತ್ತಿಗೆ ಅದು ಇರ್ಬೇಕು ಕಣೋ," ಎಂದಿದ್ದರು ಅಕ್ಕ, ತಮ್ಮನ ಕೈ ಹಿಡಿದು. "ಅದಿಲ್ಲಾಂದ್ರೆ ನಾನು ಯಾರಿಗೋಸ್ಕರ ನಡೀಲಿ?"

ಆ ಮಾತು ಬೈಂಡರಣ್ಣನ ಎದೆಯಲ್ಲಿ ಕೂತುಬಿಟ್ಟಿತು. ದಿನ ಬೆಳಗಾದರೆ ಪಂಜರದ ಮುಂದೆ ಹಾಜರಾಗತೊಡಗಿದರು.

ಪಂಜರದ ತಳದಲ್ಲಿ ತಂತಿಯ ಜಾಲರಿ, ಅದರ ಕೆಳಗೆ ಎಳೆದು ತೆಗೆಯುವ ತಟ್ಟೆ. ಅಕ್ಕ ಆ ತಟ್ಟೆಗೆ ಹಳೇ ನ್ಯೂಸ್ ಪೇಪರ್ ಹಾಸುತ್ತಿದ್ದರು. ಅದನ್ನು ನೋಡಿಯೇ ಬೈಂಡರಣ್ಣ ಮೂಗು ಮುರಿದರು. ಮಡಿಕೆ ವಕ್ರ, ಅಂಚು ಹರಕಲು. ತಮ್ಮ ಹತ್ತಿರ ಉಳಿದಿದ್ದ ಹೊಳೆಯುವ ಕ್ಯಾಲೆಂಡರ್ ಕಾಗದವನ್ನು ಅಳತೆಗೆ ಸರಿಯಾಗಿ ಕತ್ತರಿಸಿ ಹಾಸಿದರು. ನೋಡಲು ಭರ್ಜರಿಯಾಗಿತ್ತು. ಆದರೆ ಹಕ್ಕಿ ಚೆಲ್ಲಿದ ನೀರನ್ನು ಆ ಕಾಗದ ಒಂದು ತೊಟ್ಟೂ ಕುಡಿಯಲಿಲ್ಲ. ಸಂಜೆ ತಟ್ಟೆ ಎಳೆದಾಗ ಎಲ್ಲ ಒಟ್ಟಾಗಿ ಅವರ ಪಂಚೆಯ ಮೇಲೇ ಸುರಿಯಿತು.

"ಪಾಪ, ಹಕ್ಕಿ ನಿಮಗೂ ಒಂದು ಪಾಲು ಎತ್ತಿಟ್ಟಿದೆ," ಎಂದು ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು.

ಆಮೇಲೆ ಹಕ್ಕಿ ಅಂಗಡಿಯವನ ಮಾತು ಕೇಳಿ ಮರದ ಹೊಟ್ಟು ತಂದು ಹರಡಿದರು. ಕೋಣೆಯೆಲ್ಲ ಗಮಗಮ. ಜುಟ್ಟಮ್ಮ ಮಾತ್ರ ಮಧ್ಯಾಹ್ನದೊಳಗೆ ಹನ್ನೊಂದು ಸಲ ಸೀನಿತು. ರೆಕ್ಕೆ ಬಡಿದಾಗಲೆಲ್ಲ ಹೊಟ್ಟು ಹಾರಿ, ಆಗಷ್ಟೇ ಗೋಂದು ಹಚ್ಚಿಟ್ಟಿದ್ದ ಪುಸ್ತಕಗಳಿಗೆ ಮೆತ್ತಿಕೊಂಡಿತು. ಸಂಜೆ ಫೋನಿನಲ್ಲಿ ಇದನ್ನು ಕೇಳಿದ ಅಕ್ಕ ಗದರಿದರು.

"ಹೊಟ್ಟು ಹಾಕಿದ್ರೆ ಅದು ಏನು ಹಿಕ್ಕೆ ಹಾಕಿದೆ ಅಂತ ನಿಂಗೆ ಹೇಗೋ ಕಾಣುತ್ತೆ? ಹಕ್ಕಿ ಬಂದು ಹೊಟ್ಟೆನೋವು ಅಂತ ಹೇಳುತ್ತಾ? ಕೆಳಗಿನ ಪೇಪರ್ರೇ ಹೇಳ್ಬೇಕು. ಒಂಬತ್ತು ವರ್ಷದಿಂದ ದಿನಾ ಬೆಳಿಗ್ಗೆ ನಾನು ಅದನ್ನೇ ಓದ್ತಿರೋದು."

ಬೈಂಡರಣ್ಣನಿಗೆ ಇದು ಹೊಸ ಪಾಠ. ಓದಬೇಕಾದ ಹಾಳೆ ಎಂದ ಮೇಲೆ ಅದು ಬಿಳಿಯದಾಗಿರಬೇಕು, ನೀರು ಹೀರಬೇಕು, ದಿನಕ್ಕೊಂದು ಬದಲಾಗಬೇಕು. ಅಚ್ಚಾಗದ ಒರಟು ಬಿಳಿ ಕಾಗದವನ್ನು ಆರಿಸಿ ಮೂವತ್ತು ಹಾಳೆ ಕತ್ತರಿಸಿದರು. ಅಲ್ಲಿಗೆ ನಿಲ್ಲಿಸಿದ್ದರೆ ಅವರು ಬೈಂಡರಣ್ಣ ಆಗುತ್ತಿರಲಿಲ್ಲ. ಬಿಡಿ ಹಾಳೆಗಳನ್ನು ಕಂಡರೆ ಅವರಿಗೆ ಕೈ ತುರಿಕೆ. ಹಾಳೆಗಳ ಒಂದು ಅಂಚಿಗೆ ಮೈದಾ ಗೋಂದು ಬಳಿದು, ಕೆಂಪು ಬೈಂಡಿಂಗ್ ಬಟ್ಟೆಯ ಪಟ್ಟಿ ಅಂಟಿಸಿ, ರಸೀದಿ ಪುಸ್ತಕದಂತೆ ಒಂದು ಕಟ್ಟು ಮಾಡಿದರು. ಅದು ತಟ್ಟೆಯೊಳಗೆ ಅಚ್ಚಿನಲ್ಲಿ ಎರೆದಂತೆ ಕೂತಿತು. ಬೆಳಿಗ್ಗೆ ಮೇಲಿನದನ್ನು ಪರ್‍ರನೆ ಹರಿದರಾಯಿತು, ಕೆಳಗೆ ಹೊಸ ಹಾಳೆ ಸಿದ್ಧ. ಬೀದಿಯ ಅರ್ಧ ಜನಕ್ಕೆ ಅದನ್ನು ತೋರಿಸಿದ್ದಾಯಿತು.

"ಹಕ್ಕಿಗೆ ರಸೀದಿ ಕೊಡ್ತೀರಾ?" ಎಂದು ಎದುರುಮನೆ ಟೈಲರ್ ಕೇಳಿದ. ಬೈಂಡರಣ್ಣ ಅದನ್ನೂ ಹೊಗಳಿಕೆ ಎಂದೇ ತೆಗೆದುಕೊಂಡರು.

ನಾಲ್ಕನೆಯ ಬೆಳಿಗ್ಗೆ ತಟ್ಟೆ ಎಳೆದವರು ಬಗ್ಗಿ ಮತ್ತೊಮ್ಮೆ ನೋಡಿದರು. ಬಿಳಿ ಹಾಳೆಯ ಮೇಲೆ ಬಿದ್ದ ಹಿಕ್ಕೆಯಲ್ಲಿ ಕೆಂಪು ಇತ್ತು. ಒಂದು ಕಡೆಯಲ್ಲ, ಐದು ಕಡೆ.

"ರಕ್ತ ಕಣೇ," ಎಂದರು. ಹೆಂಡತಿ ಚಪ್ಪಲಿ ಮೆಟ್ಟಿ ಆಟೋ ಕರೆಯಲು ಹೊರಟರು.

ಹಕ್ಕಿಗಳ ಡಾಕ್ಟರಮ್ಮ ಇನ್ನೂ ಚಿಕ್ಕ ವಯಸ್ಸಿನವರು, ಮಾತು ಕಡಿಮೆ. ಬೈಂಡರಣ್ಣ ಪಂಜರದ ಜೊತೆ ಆ ಹಾಳೆ, ಇಡೀ ಕಟ್ಟು ಎಲ್ಲವನ್ನೂ ಮೇಜಿನ ಮೇಲಿಟ್ಟರು. ಆಕೆ ಹಾಳೆಯನ್ನು ಭೂತಗನ್ನಡಿಯಲ್ಲಿ ನೋಡಿದರು, ಆಮೇಲೆ ಕಟ್ಟನ್ನು ತಿರುಗಿಸಿ ನೋಡಿದರು. ಕೆಂಪು ಪಟ್ಟಿಯ ಒಂದು ತುದಿ ಎಳೆಎಳೆಯಾಗಿ ಹರಿದಿತ್ತು. ದಪ್ಪ ಅಂಚು ಜಾಲರಿಗೆ ತಾಗಿಕೊಂಡಿದ್ದರಿಂದ, ತಂತಿಯ ನಡುವೆ ಕೊಕ್ಕು ಇಳಿಸಿ ಜುಟ್ಟಮ್ಮ ಅದನ್ನು ಕಿತ್ತು ತಿಂದಿತ್ತು. ಡಾಕ್ಟರಮ್ಮ ಒದ್ದೆ ಹತ್ತಿಯಿಂದ ಪಟ್ಟಿಯನ್ನು ಒರೆಸಿದರು. ಹತ್ತಿ ಕೆಂಪಾಯಿತು.

"ರಕ್ತ ಅಲ್ಲ, ಬಟ್ಟೆ ಬಣ್ಣ," ಎಂದರು. ಬೈಂಡರಣ್ಣ ಇನ್ನೇನು ಉಸಿರು ಬಿಡಬೇಕು, ಅಷ್ಟರಲ್ಲಿ ಆಕೆ ಕೇಳಿದರು: "ಗೋಂದಿಗೆ ಏನೇನು ಹಾಕಿದ್ರಿ?"

ಅವರ ಜೀವ ಬಾಯಿಗೆ ಬಂತು. ಹುಳ ಹಿಡಿಯಬಾರದೆಂದು ಬೈಂಡರುಗಳು ಮೈದಾ ಗೋಂದಿಗೆ ಒಂದು ಚಿಟಿಕೆ ಮೈಲುತುತ್ತ ಹಾಕುತ್ತಾರೆ. ಅದು ನೀಲಿ ವಿಷ. ನಲವತ್ತು ವರ್ಷದಲ್ಲಿ ಅವರು ಅದನ್ನು ಹಾಕದೆ ಗೋಂದು ಕಾಯಿಸಿದ್ದೇ ಇಲ್ಲ. ಮೊನ್ನೆ ಹಾಕಿದೆನೋ ಇಲ್ಲವೋ? ಕೈಗೆ ಅಭ್ಯಾಸವಾದ ಕೆಲಸ, ತಲೆಗೆ ನೆನಪಿರಬೇಕಲ್ಲ. ಅಕ್ಕನ ಮುಖ ಕಣ್ಣ ಮುಂದೆ ಬಂತು. ಅಪ್ಪಾ ದೇವರೇ ಎಂದು ಮನಸ್ಸಿನಲ್ಲೇ ಕರೆದರು.

"ಹಾಕಿಲ್ಲ," ಎಂದರು ಹೆಂಡತಿ, ಬಾಗಿಲ ಬಳಿಯಿಂದ. "ಹಕ್ಕಿ ಬಂದ ದಿನಾನೇ ಆ ನೀಲಿ ಡಬ್ಬ ತೆಗೆದು ಅಟ್ಟದ ಮೇಲೆ ಇಟ್ಟಿದೀನಿ. ಇವರು ಹುಡುಕಿದ್ರು, ಸಿಗಲಿಲ್ಲ. ಗೊಣಗ್ತಾ ಹಾಗೇ ಕಾಯಿಸಿದ್ರು."

"ನೀನು ಇಟ್ಟಿದ್ಯಾ? ಮತ್ತೆ ಕೇಳಿದಾಗ ಗೊತ್ತಿಲ್ಲ ಅಂದೆ!"

"ಗೊತ್ತು ಅಂದಿದ್ರೆ ಇಳಿಸಿಕೊಳ್ತಿದ್ರಿ."

ಡಾಕ್ಟರಮ್ಮ ಹಕ್ಕಿಯ ಹೊಟ್ಟೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ನೂಲು ಗಂಟು ಕಟ್ಟಿರಲಿಲ್ಲ. ಎರಡು ದಿನ ಗಮನಿಸಿ, ಸರಿಹೋಗುತ್ತೆ ಎಂದರು. "ಕಾಗದ ಒಳ್ಳೇದೇ ಆರಿಸಿದೀರ. ಬಿಳೀದಾಗಿದ್ದಕ್ಕೆ ಕಣ್ಣಿಗೆ ಬಿತ್ತು. ಅಂಟು, ಬಟ್ಟೆ ಮಾತ್ರ ಬೇಡ."

ಆ ಸಂಜೆ ಫೋನು ಬಂದಾಗ ಹೆಂಡತಿ ಸನ್ನೆ ಮಾಡಿದರು, ಹೇಳಬೇಡಿ ಎಂದು. ಆದರೆ ಬೈಂಡರಣ್ಣನಿಗೆ ಅಕ್ಕನ ಹತ್ತಿರ ಮುಚ್ಚಿಟ್ಟು ಅಭ್ಯಾಸವಿರಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದರು. ಅಕ್ಕ ಕೇಳಿದ್ದು ಒಂದೇ ಮಾತು.

"ಈಗ ಹೇಗಿದೆ?"

"ಇಲ್ಲೇ ಸಿಳ್ಳೆ ಹಾಕ್ತಿದೆ. ಕೇಳು."

ಅಕ್ಕ ಕೇಳಿಸಿಕೊಂಡರು. ಆಮೇಲೆ ನಕ್ಕರು. "ಚಿಕ್ಕಂದಿನಿಂದ ನಿನ್ನ ಕೈ ಸುಮ್ನೆ ಇದ್ದಿದ್ದುಂಟಾ? ಇರ್ಲಿ ಬಿಡು, ಒಂದನ್ನೂ ಮುಚ್ಚಿಡದೆ ಹೇಳಿದೆಯಲ್ಲ. ನಾಳೆ ಇನ್ನೂ ಹತ್ತು ಹೆಜ್ಜೆ ಜಾಸ್ತಿ ನಡೀತೀನಿ."

ಎರಡು ದಿನ ಬೈಂಡರಣ್ಣ ಕನ್ನಡಕ ಹಾಕಿಕೊಂಡು ಹಾಳೆ ಓದಿದರು. ಮೂರನೆಯ ದಿನ ಕೆಂಪು ಪೂರ್ತಿ ಹೋಗಿತ್ತು.

ಆರು ವಾರ ಅಂದದ್ದು ಏಳಾಯಿತು. ಅಕ್ಕ ಕೋಲೂರಿಕೊಂಡು ಒಬ್ಬರೇ ತಮ್ಮನ ಮನೆಯ ಮೆಟ್ಟಿಲು ಹತ್ತಿ ಬಂದರು. ಕುರ್ಚಿ ತೋರಿಸಿದರೂ ಕೂರಲಿಲ್ಲ. ನೆಟ್ಟಗೆ ಪಂಜರದ ಬಳಿ ಹೋಗಿ ತಟ್ಟೆ ಎಳೆದು, ಬಗ್ಗಿ, ಹಾಳೆಯನ್ನು ಮೂಲೆಯಿಂದ ಮೂಲೆಗೆ ನೋಡಿದರು. ಜುಟ್ಟಮ್ಮ ಜುಟ್ಟು ನಿಮಿರಿಸಿ ಕೂಗಿತು.

"ಚೆನ್ನಾಗಿದಾಳೆ," ಎಂದರು ಅಕ್ಕ, ಕಣ್ಣೊರೆಸಿಕೊಂಡು. "ಹಾಳೇನೂ ಚೆನ್ನಾಗಿದೆ ಕಣೋ. ನ್ಯೂಸ್ ಪೇಪರ್ ಆಗಿದ್ರೆ ಹಾಸೋ ಮುಂಚೆ ಓದೋಕೆ ಏನಾದ್ರೂ ಇರ್ತಿತ್ತು, ಅಷ್ಟೆ."

ಹೊರಡುವಾಗ ಬೈಂಡರಣ್ಣ ನೂರು ಹಾಳೆ ಕತ್ತರಿಸಿ ಕೊಟ್ಟರು. ಗೋಂದಿಲ್ಲ, ಬಟ್ಟೆಯಿಲ್ಲ, ಹೊಲಿಗೆಯೂ ಇಲ್ಲ. ಆ ಅಂಗಡಿಯಿಂದ ಬಿಡಿಹಾಳೆ ಹಾಗೇ ಹೊರಗೆ ಹೋದದ್ದು ಅದೇ ಮೊದಲು. ಆಟೋದಲ್ಲಿ ಗಾಳಿಗೆ ಹಾರೀತೆಂದು ಒಂದು ದಾರ ಸುತ್ತಲು ಹೋದರು. ಹೆಂಡತಿ ಸುಮ್ಮನೆ ಅವರ ಮುಖ ನೋಡಿದರು. ಬೈಂಡರಣ್ಣ ದಾರವನ್ನು ಜೇಬಿಗೆ ಹಾಕಿಕೊಂಡು, ಹಾಳೆಗಳನ್ನು ಆಟೋದಲ್ಲಿ ಕೂತ ಅಕ್ಕನ ಮಡಿಲಲ್ಲಿಟ್ಟು, ಅವು ಹಾರದಂತೆ ಅವರ ಕೈಯನ್ನೇ ಮೇಲೆ ಎತ್ತಿಟ್ಟರು.